ಪದ್ಮಾಳನ್ನು ಓದಿಸಿದ ದಿನ

1987ರ ಜುಲೈ 13, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಸದಲಗಾದ ಶಾಲೆಯೊಂದರ ಮೂರನೆಯ ತರಗತಿಯಲ್ಲಿ ನಾನು ಪ್ರಶಿಕ್ಷಣಾರ್ಥಿಯಾಗಿ ಪಾಠ ಮಾಡುತ್ತಿದ್ದೆ. ಪದ್ಮಾ ಎಂಬ ಹುಡುಗಿ ಓದಲು ಒಪ್ಪುತ್ತಲೇ ಇರಲಿಲ್ಲ. ನಪಾಸಾಗಿ ಅದೇ ತರಗತಿಯಲ್ಲಿ ಉಳಿದಿದ್ದ ಅವಳ ಅಣ್ಣ ಭರತೇಶ ಹಿಂದಿನ ಸಾಲಿನಲ್ಲಿ ಕುಳಿತಿದ್ದ.

“ಓದವ್ವ, ತಪ್ಪಿದ್ರ ನಾ ಅದೀನಿ,” ಎಂದೆ.

“ನನಗ ಬರೂದಿಲ್ರೀ, ಅಕ್ಕೋರ.”

ನಾನು ಬಿಡಲಿಲ್ಲ, ಬೆನ್ನು ಸವರಿದೆ, ಮಕ್ಕಳಿಂದ ಚಪ್ಪಾಳೆ ತಟ್ಟಿಸಿದೆ. ಕೊನೆಗೆ ಅವಳು ಎದ್ದು ಇಡೀ ಪಾಠವನ್ನು ಎಲ್ಲಿಯೂ ತಡೆಯದೆ ಓದಿದಳು. ನನ್ನ ತರಬೇತಿಯೇ ಗೆದ್ದಿತೆಂದು ಬೀಗಿದ ನಾನು, “ನೋಡಪಾ ಭರತೇಶ, ತಂಗಿ ಹೆಂಗ ಓದ್ತಾಳ,” ಎಂದೆ.

“ಇನ್ನ ನೀನ ಆಕೀಗೆ ಅಕ್ಕ ಅನ್ನು ಲೇ,” ಎಂದ ಅವನ ಪಕ್ಕದ ಹುಡುಗ. ತರಗತಿ ನಕ್ಕಿತು. ಭರತೇಶ ಚೀಲ ಹೆಗಲಿಗೇರಿಸಿ ಹೊರಟುಹೋದ.

ಪದ್ಮಾ ಪುಸ್ತಕ ಮುಚ್ಚಿದಳು. “ಅಂವ ಸಾಲಿ ಬಿಟ್ರ ಮನ್ಯಾಗ ನನ್ನೂ ಬಿಡಸ್ತಾರ್ರಿ. ತೋಟದ ಮನಿಯಿಂದ ಸಾಲಿಗೆ ಬರಾಕ ಜೋಡಿ ಬ್ಯಾರೆ ಯಾರೂ ಇಲ್ರಿ. ಅದಕ್ಕ ಬರೂದಿಲ್ಲ ಅಂತಿದ್ನಿ.”

ನನಗೆ ಅವಳ ಮುಖ ನೋಡಲಾಗಲಿಲ್ಲ. ಹಿಂಜರಿಯುವ ಮಕ್ಕಳ ಕುರಿತು ನಾನು ಓದಿದ್ದ ಮನೋವಿಜ್ಞಾನದಲ್ಲಿ ಅಣ್ಣಂದಿರ ಅಧ್ಯಾಯವೇ ಇರಲಿಲ್ಲ. ಅಂದು ಸಂಜೆ ಅವರ ತೋಟಕ್ಕೆ ಹೋಗಿ ಭರತೇಶನ ಕ್ಷಮೆ ಕೇಳಲು ನಿರ್ಧರಿಸಿದೆ.