ನಾನು ಹೋಗದ ಮನೆ

ಇಂಥ ಕತೆಗಳನ್ನು ಯಾರಾದರೂ ಶುರುಮಾಡಿದರೆ ಎದ್ದು ಹೋಗುವ ಪೈಕಿಯ ಮನುಷ್ಯ ನಾನು. ನಮ್ಮ ಬೈಲಹೊಂಗಲದ ಕಡೆ ಇವು ಓಣಿಗೊಂದು ಸಿಗುತ್ತವೆ. ಒಬ್ಬನಿಗೆ ಸತ್ತ ಅಜ್ಜ ಬಾವಿಯ ಕಟ್ಟೆಯ ಮೇಲೆ ಕುಳಿತದ್ದು ಕಂಡಿರುತ್ತದೆ, ಇನ್ನೊಬ್ಬನ ಎತ್ತು ಮಾತಾಡಿರುತ್ತದೆ. ಹೇಳುವವನ ಹೊಟ್ಟೆ ಕೆಟ್ಟಿರಬೇಕು ಎಂದು ನಾನು ನಗುತ್ತಿದ್ದೆ. ಈಗ ನಾನೇ ಹೇಳಲು ಕುಳಿತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ. ಆದರೆ ಈ ಸಂಗತಿಯಲ್ಲಿ ನನಗೆ ಹೆದರಿಕೆಗಿಂತ ನಾಚಿಕೆಯೇ ಹೆಚ್ಚು. ಅದಕ್ಕೇ ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಸಾವಿರದ ಒಂಬೈನೂರನೆಯ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ನನಗೆ ಹತ್ತೊಂಬತ್ತು. ನಮ್ಮ ತಂದೆ ಮಿಶನ್ ಶಾಲೆಯ ಮಾಸ್ತರರು, ನಮ್ಮ ಮನೆತನದಲ್ಲಿ ಮೊದಲು ದೀಕ್ಷಾಸ್ನಾನ ಪಡೆದವರು. ಮಗ ಉಪದೇಶಿಯಾಗುತ್ತಾನೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಮೂರು ತಿಂಗಳ ತರಬೇತಿಗೆಂದು ನನ್ನನ್ನು ರಾಮದುರ್ಗಕ್ಕೆ, ಯೋಹಾನಪ್ಪ ಎಂಬ ಹಿರಿಯ ಉಪದೇಶಿಗಳ ಕೈಕೆಳಗೆ ಕಳಿಸಿದರು. ಅವರು ಒಪ್ಪಿದರೆ ನಾನು ಉಪದೇಶಿ. ಒಪ್ಪದಿದ್ದರೆ ಗಂಟು ಕಟ್ಟಿಕೊಂಡು ಊರಿಗೆ ಹೋಗಿ ತಂದೆಯ ಮುಂದೆ ನಿಲ್ಲಬೇಕಾಗಿತ್ತು.

ತರಬೇತಿ ಎಂದರೆ ನಸುಕಿನಲ್ಲಿ ಎದ್ದು ಬೈಬಲ್ಲಿನ ವಚನ ಬಾಯಿಪಾಠ ಮಾಡುವುದು, ಆಮೇಲೆ ಹಳ್ಳಿಗಳಿಗೆ ನಡೆಯುವುದು. ಇಬ್ಬಿಬ್ಬರಾಗಿಯೇ ಹೋಗಬೇಕೆಂಬುದು ಕಟ್ಟಳೆ. ಕಟ್ಟೆಯ ಮುಂದೆ ನಿಂತು ನಾಲ್ಕು ಮಾತು ಹೇಳಬೇಕು, ಕರೆದ ಮನೆಗೆ ಹೋಗಿ ಕುಳಿತು ಸುಖದುಃಖ ವಿಚಾರಿಸಬೇಕು. ಸಂಜೆಗೆ ಯಾವ ಊರು, ಯಾರ ಮನೆ, ಅವರು ಏನು ಕೇಳಿದರು, ನಾವು ಏನು ಹೇಳಿದೆವು ಎಂದು ವಹಿಯಲ್ಲಿ ಬರೆಯಬೇಕು. ಯೋಹಾನಪ್ಪನವರು ಅದನ್ನು ಸಾಲುಸಾಲಾಗಿ ಓದುತ್ತಿದ್ದರು.

ನನಗೆ ಬಾಯಿಪಾಠ ಚೆನ್ನಾಗಿ ಬರುತ್ತಿತ್ತು, ಜನರ ಮುಂದೆ ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಎರಡನೆಯ ವಾರ ಸವದತ್ತಿಯ ಸಂತೆಯಲ್ಲಿ ಮಾತಾಡಲು ನಿಂತೆ. ಮೊದಲನೆಯ ವಾಕ್ಯ ಮುಗಿಯಿತು, ಎರಡನೆಯದು ನೆನಪಾಗಲೇ ಇಲ್ಲ. ಉಳ್ಳಾಗಡ್ಡಿ ಮಾರುತ್ತಿದ್ದ ಒಬ್ಬ ಹೆಣ್ಣುಮಗಳು, “ಪಾಪ, ಕೂಸಿಗೆ ನೀರ ಕುಡಸ್ರೆವ್ವಾ” ಎಂದಳು. ಸಂತೆಗೆ ಸಂತೆಯೇ ನಕ್ಕಿತು. ಅಂದಿನಿಂದ ಊರಿನ ಅಗಸೆ ಬಾಗಿಲು ಕಂಡರೆ ಸಾಕು, ಮಾತಾಡುವ ಸರದಿಯನ್ನು ಯೋಹಾನಪ್ಪನವರಿಗೇ ಬಿಟ್ಟುಕೊಡತೊಡಗಿದೆ.

ನಾಲ್ಕನೆಯ ವಾರ ಯೋಹಾನಪ್ಪನವರಿಗೆ ಜ್ವರ ಬಂತು. ಸಾಲಹಳ್ಳಿಗೆ ಹೋಗುವ ದಿನ ಅದು. “ಒಬ್ಬನ ಹೋಗಿ ಬಾ ತಮ್ಮಾ” ಎಂದರು. “ಮಾತಾಡಾಕ ಬರಲಿಲ್ಲಂದ್ರ ಬ್ಯಾಡ. ಯಾರರ ಏನರ ಹೇಳಿದ್ರ ಕೇಳ್ಕೊಂಡರ ಬಾ.”

ಸಾಲಹಳ್ಳಿಯ ಅಗಸೆ ಕಾಣುವವರೆಗೆ ನಡೆದೆ. ಅಲ್ಲಿಂದ ಮುಂದೆ ಕಾಲು ಹೋಗಲಿಲ್ಲ. ಜೋಳ ಹಾಲುಗಾಳಾಗಿದ್ದ ದಿನಗಳು. ಹೊಲವೊಂದರಲ್ಲಿ ಕೆಂಡದ ಮೇಲೆ ಎಳೆಯ ತೆನೆ ಸುಟ್ಟು ಸೀತನಿ ಬಡಿಯುತ್ತಿದ್ದರು. “ಬರ್ರಿ, ತಿನ್ನ ಬರ್ರಿ” ಎಂದು ಕರೆದದ್ದೇ ತಡ, ಹೋಗಿ ಕುಳಿತೆ. ಹೊಟ್ಟೆ ಬಿರಿಯುವಷ್ಟು ತಿಂದು ಬೇವಿನ ಗಿಡದ ಕೆಳಗೆ ಮಲಗಿದೆ. ಎದ್ದಾಗ ಹೊತ್ತು ಇಳಿದಿತ್ತು. ಊರೊಳಗೆ ಒಂದು ಹೆಜ್ಜೆಯನ್ನೂ ಇಡದೆ ಹಿಂದಿರುಗಿದೆ.

ವಹಿಯಲ್ಲಿ ಏನಾದರೂ ಬರೆಯಲೇಬೇಕಲ್ಲ, ಬರೆದೆ. ಕಂಬಾರನ ಮನೆಯ ಮಗ್ಗುಲಲ್ಲಿ ಗಂಗವ್ವ ಎಂಬ ಕುರುಡಿ ಮುದುಕಿ ಇದ್ದಾಳೆ. ತನ್ನದೇ ಹಿತ್ತಾಳೆಯ ವಾಟಗದಲ್ಲಿ, ತಾನು ಕುಡಿಯುವ ಬಟ್ಟಲಲ್ಲೇ, ನನಗೆ ಮಜ್ಜಿಗೆ ಕೊಟ್ಟಳು. ‘ಕಣ್ಣಿಲ್ಲದ ನಾನು ನಿಮ್ಮ ದೇವರನ್ನು ಹೇಗೆ ಕಾಣಲಿ’ ಎಂದು ಕೇಳಿದಳು. ನಾನು ಆರು ವಚನ ಹೇಳಿ ಸಮಾಧಾನ ಮಾಡಿದೆ. ಎಲ್ಲ ಶುದ್ಧ ಸುಳ್ಳು. ಜಾತಿ ಬಿಟ್ಟ ನಮಗೆ ಹಳ್ಳಿಗಳಲ್ಲಿ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದರೇ ಹೊರತು ಯಾರೂ ಮನೆಯ ವಾಟಗ ಕೈಗೆ ಕೊಡುತ್ತಿರಲಿಲ್ಲ. ಸುಳ್ಳಿಗೆ ಕುಂದಣವಿಟ್ಟ ಹಾಗೆ ಅದನ್ನೂ ಸೇರಿಸಿದೆ. ಬರೆಯುವಾಗ ಖುಷಿಯೂ ಆಯಿತೆಂದು ಹೇಳಿಬಿಡುತ್ತೇನೆ.

ಯೋಹಾನಪ್ಪನವರು ಓದಿ ಕಣ್ಣೊರೆಸಿಕೊಂಡರು. ಪಾದ್ರಿಸಾಹೇಬರು ಬಂದಾಗ ಅದನ್ನೇ ಓದಿ ತೋರಿಸಿದರು. ಸಾಹೇಬರು ನನ್ನ ತಂದೆಗೆ ಮೆಚ್ಚುಗೆಯ ಕಾಗದ ಬರೆದರು. ಇನ್ನು ಸತ್ಯ ಹೇಳುವ ದಾರಿ ಎಲ್ಲಿತ್ತು? ಮೂರು ವಾರ ಕಳೆದ ಮೇಲೆ ಒಂದು ದಿನ ಯೋಹಾನಪ್ಪನವರು, “ಆ ಮುದುಕಿನ್ನ ನಾನೂ ನೋಡಬೇಕು, ನಡಿ” ಎಂದು ಕೋಲು ಹಿಡಿದು ಎದ್ದೇಬಿಟ್ಟರು.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ದಾರಿಯುದ್ದಕ್ಕೂ ಈಗ ಹೇಳುತ್ತೇನೆ, ಆ ಗಿಡ ದಾಟಿದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತ ನಡೆದೆ. ಹೇಳಲಿಲ್ಲ. ಯೋಹಾನಪ್ಪನವರು ಅಗಸೆಯಲ್ಲೇ ಒಬ್ಬನನ್ನು ತಡೆದು, “ಇಲ್ಲಿ ಗಂಗವ್ವ ಅಂತ, ಕಣ್ಣ ಕಾಣದಾಕಿ ಇದ್ದಾಳಲ್ಲಾ, ಮನಿ ಎಲ್ಲೈತ್ರಿ?” ಎಂದು ಕೇಳಿದರು. ಅವನು ಯೋಚಿಸಲೂ ಇಲ್ಲ. “ಅಲ್ಲೇ ಕಂಬಾರನ ಮನಿ ಬಾಜೂಕ” ಎಂದು ಕೈ ತೋರಿಸಿದ.

ಗಂಗವ್ವ ಎಂಬ ಮುದುಕಿಯರು ಊರಿಗೆ ಹತ್ತು ಜನ ಇರುತ್ತಾರೆ, ಕಂಬಾರನಿಲ್ಲದ ಊರಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಆದರೂ ನಾಲ್ಕು ಹೆಜ್ಜೆ ಹಿಂದೆ ಉಳಿದೆ. ಮನೆಯ ಮುಂದಿನ ಕಟ್ಟೆಯ ಮೇಲೆ ಮುದುಕಿ ಕುಳಿತಿದ್ದಳು, ಕಣ್ಣು ಎರಡೂ ಬೆಳ್ಳಗೆ. “ಯವ್ವಾ, ಅವತ್ತ ಬಂದಿದ್ದ ನಮ್ಮ ಹುಡುಗನ್ನ ಕರಕೊಂಡ ಬಂದೇನಿ” ಎಂದು ಯೋಹಾನಪ್ಪನವರು ಹೇಳಿದ್ದೇ ಮುದುಕಿಯ ಮುಖ ಅರಳಿತು. “ಬಂದ್ಯಾ ಯಪ್ಪಾ? ಬರತೇನಿ ಅಂದಾಂವ ಎಷ್ಟ ದಿನಾ ಮಾಡಿದಿ!” ಎಂದಳು.

ಒಳಗಿನಿಂದ ಸೊಸೆ ಬಂದಳು. ಅವಳ ಮುಖ ಬಿಗಿದುಕೊಂಡಿತ್ತು. “ಅವತ್ತ ನಾವೆಲ್ಲಾ ಹೊಲದಾಗಿದ್ವಿ. ಅತ್ತಿ ತಮ್ಮ ವಾಟಗದಾಗ ನಿಮಗ ಮಜ್ಜಿಗಿ ಕೊಟ್ಟಾರ. ಬಂದ ನೋಡಿದ್ರ ಎಂಜಲ ವಾಟಗ ಕಟ್ಟಿಮ್ಯಾಲಿತ್ತು. ಈಗ ಅದನ್ನ ಬ್ಯಾರೆ ಇಟ್ಟೇವಿ” ಎಂದಳು. ಮಾಡದ ತಪ್ಪಿಗೆ ನಾನು ತಲೆ ತಗ್ಗಿಸಿದೆ. ಮಾಡಿದ ತಪ್ಪಿನ ಸುದ್ದಿ ಅವಳಿಗೆ ಗೊತ್ತಿರಲಿಲ್ಲ.

ಯೋಹಾನಪ್ಪನವರು ಸಂತೋಷದಿಂದ ಆ ಆರು ವಚನಗಳ ಮಾತು ತೆಗೆದರು. ಮುದುಕಿ ತಲೆಯಾಡಿಸಿದಳು. “ಇಲ್ಲಪ್ಪಾ, ಇಂವ ಏನೂ ಹೇಳಲಿಲ್ಲ. ಹ್ವಾದ ವರ್ಸ ಹಿರಿಮಗ ತೀರಿಕೊಂಡ. ಹೇಳಿದ್ದನ್ನ ಮತ್ತ ಮತ್ತ ಹೇಳತಾಳಂತ ಮನ್ಯಾಗ ಯಾರೂ ನನ್ನ ಮಾತ ಕೇಳೂದಿಲ್ಲ. ಇಂವ ಹೊತ್ತ ಮುಣಗೂತನಕ ಕೈ ಹಿಡಕೊಂಡ ಕುಂತ ಕೇಳಿದಾ.” ಯೋಹಾನಪ್ಪನವರು ನನ್ನ ಕಡೆ ನೋಡಿ ನಕ್ಕು, “ವಹಿಯೊಳಗ ಒಂದೀಟ ಉಪ್ಪು ಖಾರ ಹಚ್ಚೀದಿ ಅನ್ನು” ಎಂದರು. ಆಮೇಲೆ ಕಂಬಾರನನ್ನು ಮಾತಾಡಿಸಲು ಆಚೆ ಹೋದರು. ಸೊಸೆಯೂ ಒಳಗೆ ಹೋದಳು.

ಮುದುಕಿ ಕೈ ಚಾಚಿದಳು. ಕೊಟ್ಟೆ. ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು, ಅಂಗೈ ಸವರಿದಳು. ನಿಧಾನವಾಗಿ ಅವಳ ಮುಖದ ನಗು ಇಳಿಯಿತು. ಕೈ ಬಿಡದೆ, ಒಳಗಿದ್ದ ಸೊಸೆಗೆ ಕೇಳದಷ್ಟು ಸಣ್ಣ ದನಿಯಲ್ಲಿ, “ನೀ ಆಂವಲ್ಲ” ಎಂದಳು. ಸಿಟ್ಟು ಇರಲಿಲ್ಲ. ಆಮೇಲೆ ಅವಳೇ, “ಇರಲಿ ಬಿಡು, ನಾ ಯಾರಿಗೂ ಹೇಳೂದಿಲ್ಲ. ಆಂವಗ ಹೇಳು, ಮತ್ತೊಮ್ಮಿ ಬಂದ ಹೋಗಂತ” ಎಂದಳು.

“ಹೇಳತೇನಿ ಯವ್ವಾ” ಎಂದೆ.

ನನ್ನ ತರಬೇತಿ ಮುಗಿಯಿತು. ಯೋಹಾನಪ್ಪನವರು ಒಳ್ಳೆಯ ಮಾತು ಬರೆದುಕೊಟ್ಟರು, ತಂದೆ ಓಣಿಗೆಲ್ಲ ಸಕ್ಕರೆ ಹಂಚಿದರು. ನಾಲಿಗೆಯೂ ಮುಂದೆ ಪಳಗಿತು. ಮೂವತ್ತು ವರ್ಷ ಊರೂರು ತಿರುಗಿ ಸುಳ್ಳು ಹೇಳಬೇಡಿರೆಂದು ಉಪದೇಶ ಮಾಡಿದೆ. ಯೋಹಾನಪ್ಪನವರು ಸತ್ಯ ತಿಳಿಯದೆಯೇ ತೀರಿಕೊಂಡರು. ಸಾಲಹಳ್ಳಿಗೆ ಮಾತ್ರ ನಾನು ಮತ್ತೆ ಹೋಗಲಿಲ್ಲ. ಮರುವರ್ಷ ಆ ಮುದುಕಿ ಸತ್ತಳೆಂದು ಕೇಳಿದೆ.

ಬೇರೆ ಯಾರೋ ದಾರಿಹೋಕ ಅಂದು ಬಂದಿರಬಹುದೆ? ಬಂದಿರಬಹುದು. ಆದರೆ ಆ ಹೆಸರು, ಆ ವಾಟಗ ಸಂಜೆ ನನ್ನ ವಹಿಗೆ ಹೇಗೆ ಬಂದವು? ಹಿಂದೆ ಯಾರ ಬಾಯಲ್ಲೋ ಕೇಳಿ ಮರೆತಿದ್ದೆನೆ? ಎಷ್ಟೋ ಸಲ ಹೀಗೆ ಕೂಡಿಸಿ ಕಳೆದು ನೋಡಿದ್ದೇನೆ, ಬಗೆಹರಿದಿಲ್ಲ. ಅದು ಬಗೆಹರಿಯದಿದ್ದರೂ ನಡೆದೀತು. ಅಂದು ಅಷ್ಟು ಹತ್ತಿರ ಹೋಗಿದ್ದ ನಾನು ಸೀತನಿ ತಿಂದು ಮಲಗಿದೆ, ಆ ಮುದುಕಿಯ ಕೈಯನ್ನು ಇನ್ನಾರೋ ಹಿಡಿದರು. ಅವಳು ಕೊನೆಯವರೆಗೂ ಅವನ ದಾರಿ ಕಾಯ್ದಿರಬೇಕು. ಹೇಳುತ್ತೇನೆ ಎಂದು ಮಾತು ಕೊಟ್ಟವನು ನಾನು, ಯಾರಿಗೆ ಹೇಳಬೇಕೆಂಬುದು ನನಗೆ ಇಂದಿಗೂ ತಿಳಿದಿಲ್ಲ.