ಅಕ್ಕ ಕೂತ ಮಂಚ

ಪಿಸಿಲಾಳ ಹೊಸ ಮನೆಯಲ್ಲಿ ಒಂದು ಮಾತಾಡಿದರೆ ಅದು ಗೋಡೆಗೆ ಬಡಿದು ತಿರುಗಿ ಬರುತ್ತಿತ್ತು. ಸಾಮಾನಿಲ್ಲದ ಮನೆಯ ಲಕ್ಷಣ ಅದು. ಎರಡು ಕೋಣೆ, ಸಿಮೆಂಟಿನ ನೆಲ, ತಗಡಿನ ಮಾಡು, ಹೊರಗೊಂದು ನಲ್ಲಿ. ಜ್ವಾಲಾಮುಖಿ ಸಿಡಿದ ವರ್ಷ ಸಮುದ್ರ ಎದ್ದು ಬಂದು ನಮ್ಮ ಸಣ್ಣ ದ್ವೀಪವನ್ನು ಪೊರಕೆ ಹಾಕಿ ಗುಡಿಸಿದ ಹಾಗೆ ಗುಡಿಸಿಕೊಂಡು ಹೋಯಿತಲ್ಲ, ಆಮೇಲೆ ಟೋಂಗಾದ ದೊಡ್ಡ ದ್ವೀಪದಲ್ಲಿ ನಮ್ಮ ಊರಿನವರಿಗೆಲ್ಲ ಸಾಲಾಗಿ ಇಂಥವೇ ಮನೆಗಳಾದವು. ಮನೆ ಸಿಕ್ಕಿತು. ಒಳಗೆ ತುಂಬಿಸುವುದು ಅವರವರ ಪಾಡು.

ಪಿಸಿಲಾಳ ಪಾಡು ಹೇಳುವ ಹಾಗಿರಲಿಲ್ಲ. ಮೀನಿನ ಕ್ರೇಟು ಬೋರಲು ಹಾಕಿದರೆ ಮೇಜು, ಬಣ್ಣದ ಡಬ್ಬಿ ಬೋರಲು ಹಾಕಿದರೆ ಕುರ್ಚಿ. ಕಿಟಕಿಗೆ ಹರಿದ ಲಂಗದ ಪರದೆ. ಇಗರ್ಜಿಯವರು ಹಂಚಿದ ಎರಡು ಪಾತ್ರೆಯಲ್ಲಿ ಒಂದಕ್ಕೆ ಮುಚ್ಚಳವಿಲ್ಲ, ಇನ್ನೊಂದಕ್ಕಿರುವ ಮುಚ್ಚಳ ಅದರದ್ದೇ ಅಲ್ಲ. ಅವಳು ಇದಕ್ಕೆಲ್ಲ ಕೊರಗಿದವಳಲ್ಲ. ಕ್ರೇಟಿನ ಮೇಲೆ ಮರಗೆಣಸು ಬಡಿಸಿಟ್ಟು ತಿನ್ನುವುದರಲ್ಲಿ ಯಾವ ಅವಮಾನವೂ ಇಲ್ಲ. ಅವಳಿಗೆ ಬೇಕಿದ್ದದ್ದು ಒಂದೇ ಒಂದು ಸಾಮಾನು. ಮಂಚ.

ಅವಳ ಗಂಡ ಲಿಸಿಯಾಟೆ ಒಂದು ಕಾಲದಲ್ಲಿ ತುಂಬಿದ ಬಲೆಯನ್ನು ಒಬ್ಬನೇ ದೋಣಿಗೆ ಎಳೆಯುತ್ತಿದ್ದ ಆಳು. ಸಕ್ಕರೆ ಕಾಯಿಲೆ ಅವನ ಎಡಗಾಲನ್ನು ಮಂಡಿಯ ಮೇಲಿನವರೆಗೂ ತಿಂದು ಹಾಕಿತ್ತು. ಕಾಲು ಹೋಯಿತೇ ಹೊರತು ಮೈ ಇಳಿಯಲಿಲ್ಲ. ನೆಲದ ಚಾಪೆಯಿಂದ ಅವನನ್ನು ಎಬ್ಬಿಸಬೇಕೆಂದರೆ ಪಿಸಿಲಾ ಬಗ್ಗಿ, ಅವನ ಕೈಯನ್ನು ತನ್ನ ಕುತ್ತಿಗೆಗೆ ಹಾಕಿಕೊಂಡು, ಹಲ್ಲು ಕಚ್ಚಿ ಎತ್ತಬೇಕು. ಮಕ್ಕಳಿಲ್ಲ, ಇನ್ನೊಂದು ಜೊತೆ ಕೈಯಿಲ್ಲ. ಅವಳ ಸೊಂಟಕ್ಕೆ ಐವತ್ತಾಗುವ ಮೊದಲೇ ಎಪ್ಪತ್ತಾಗಿತ್ತು. ಅವಳನ್ನು ಎಬ್ಬಿಸಬಾರದೆಂದು ಅವನು ಬೆಳಗಿನವರೆಗೂ ಮೂತ್ರ ಕಟ್ಟಿಕೊಂಡು ಬಿದ್ದಿರುತ್ತಿದ್ದ. ಕೆಲವು ದಿನ ಕಟ್ಟಿಕೊಳ್ಳಲು ಆಗುತ್ತಿರಲಿಲ್ಲ. ಆ ಬೆಳಿಗ್ಗೆಗಳಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಚಾಪೆ ತೊಳೆಯುವ ಕೆಲಸ ಮುಗಿಸುತ್ತಿದ್ದರು.

ಬೆನ್ನ ಕೆಳಗೆ ಹುಣ್ಣಾಗಿತ್ತು. ಔಷಧಿ ಹಚ್ಚಲು ಬರುತ್ತಿದ್ದ ನರ್ಸಮ್ಮ ನೇರವಾಗಿ ಹೇಳಿದಳು: "ಎತ್ತರದ ಮಂಚ ಬೇಕು. ಹಿಡ್ಕೊಂಡು ತಾನೇ ಏಳೋ ಹಾಗಿರ್ಬೇಕು. ಹೀಗೇ ನೆಲದ ಮೇಲೆ ಬಿದ್ದಿದ್ರೆ ಈ ಹುಣ್ಣು ಮೂಳೆ ಮುಟ್ಟುತ್ತೆ. ಆಮೇಲೆ ನನ್ನ ಕೇಳ್ಬೇಡಿ."

ಲಿಸಿಯಾಟೆ ನಕ್ಕ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಂಗೆ ಚಾಚೋಕೆ ಇರೋದೇ ಒಂದು. ಚಾಪೇನೇ ಜಾಸ್ತಿ ಆಯ್ತಲ್ಲಮ್ಮ."

ನರ್ಸಮ್ಮ ನಗಲಿಲ್ಲ. ಪಿಸಿಲಾಳೂ ನಗಲಿಲ್ಲ.

ದಾರಿ ತೋರಿಸಿದವಳು ಪಕ್ಕದ ಮನೆಯ ಮಕೆಲೆಸಿ. ಅವಳ ಬಾಯಿ ದೊಡ್ಡದು, ಕೈ ಅದಕ್ಕಿಂತ ಚುರುಕು. ಆಕ್ಲೆಂಡಿನಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ಬೇಕಾದ್ದೆಲ್ಲ ಇರುತ್ತದೆ, ಇಲ್ಲದಿರುವುದು ಒಳ್ಳೆಯ ಚಾಪೆ. ಮದುವೆಗೂ ಸಾವಿಗೂ ಚಾಪೆಯಿಲ್ಲದೆ ನಮ್ಮವರಿಗೆ ಮಾನವಿಲ್ಲ. ಅಲ್ಲಿಯ ಹೆಂಗಸೊಬ್ಬಳು ಮಗಳ ಮದುವೆಗೆ ದೊಡ್ಡ ಚಾಪೆ ಹುಡುಕುತ್ತಿದ್ದಳು. ಮುಚ್ಚಿಹೋದ ಯಾವುದೋ ವೃದ್ಧಾಶ್ರಮದ ಕಬ್ಬಿಣದ ಮಂಚವೊಂದು ಅವಳ ಗ್ಯಾರೇಜಿನಲ್ಲಿತ್ತು. ಎತ್ತರದ್ದು, ಪಕ್ಕದಲ್ಲಿ ಹಿಡಿದುಕೊಳ್ಳುವ ಸರಳು ಇರುವಂಥದ್ದು.

"ಚಾಪೆ ಕೊಡು, ಮಂಚ ತಗೋ," ಎಂದಳು ಮಕೆಲೆಸಿ. "ಆದ್ರೆ ನೀನು ನೇಯೋ ಹೊತ್ತಿಗೆ ಆ ಹುಡುಗಿಗೆ ಮೊಮ್ಮಕ್ಕಳಾಗದ ಹಾಗೆ ನೋಡ್ಕೋ."

ಪಿಸಿಲಾ ಒಂಬತ್ತು ತಿಂಗಳು ನೇಯ್ದಳು. ಕೇದಗೆಯ ಎಲೆ ಕೊಯ್ದು ಬೇಯಿಸಿ, ಬಿಳುಪಾಗಲೆಂದು ಸಮುದ್ರದಲ್ಲಿ ಕಲ್ಲು ಕಟ್ಟಿ ಮುಳುಗಿಸಿದಳು. ತನ್ನ ಮನೆಯನ್ನು ನುಂಗಿದ ಸಮುದ್ರದೊಳಗೆ ಮೊಣಕಾಲುದ್ದ ನಿಂತು, "ಇದನ್ನಾದರೂ ವಾಪಸ್ ಕೊಡು" ಎಂದು ಬೈಯುತ್ತಿದ್ದಳಂತೆ. ಆಮೇಲೆ ಒಣಗಿಸಿ, ದಾರದಷ್ಟು ಸಣ್ಣಗೆ ಸೀಳಿ, ಬಿಸಿಲಿಳಿಯುವವರೆಗೆ ನೆಲಕ್ಕೆ ಬಗ್ಗಿ ಕೂತು ನೇಯ್ಗೆ. ಬೆರಳ ತುದಿಗಳು ಒಡೆದು ಚಿಕ್ಕ ಚಿಕ್ಕ ಬಾಯಿ ಬಿಟ್ಟವು. ಚಾಪೆ ಮುಗಿದಾಗ ನೋಡಿದವರೆಲ್ಲ ಇದನ್ನು ಮನೆಯಲ್ಲೇ ಇಟ್ಟುಕೋ ಎಂದರು. ಹೊಸ ಮನೆಗೆ ಇಂಥದ್ದೊಂದು ಚಾಪೆ ಇಲ್ಲದಿದ್ದರೆ ಹೇಗೆ ಎಂದರು. ಅವಳು ಯಾರ ಮಾತನ್ನೂ ಕೇಳದೆ ಸುತ್ತಿ ಹಡಗಿಗೆ ಹಾಕಿದಳು. ಅವರ ಮಾತಿನಲ್ಲಿ ಹುರುಳಿತ್ತು ಎಂದು ಗೊತ್ತಾಗುವಾಗ ತಡವಾಗಿತ್ತು.

ಮಂಚ ಒಂದು ಶುಕ್ರವಾರ ಬಂತು. ಬಿಳಿ ಬಣ್ಣ ಅಲ್ಲಲ್ಲಿ ಎದ್ದಿತ್ತು, ಕಾಲುಗಳು ಗಟ್ಟಿಯಾಗಿದ್ದವು, ಮೇಲೊಂದು ಹಾಸಿಗೆಯೂ ಇತ್ತು. ಲಿಸಿಯಾಟೆಯನ್ನು ಅದರ ಅಂಚಿಗೆ ಕೂರಿಸಿದಳು. ಅವನು ಸರಳು ಹಿಡಿದು, ಒಂದು ಸಲ ಉಸಿರು ಬಿಗಿಹಿಡಿದು, ಎದ್ದು ನಿಂತ. ತಾನೇ. ಊರುಗೋಲು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಗೆ ಹೋಗಿ, ಹಲಸಿನಂಥ ಕಾಯಿ ಬಿಡುವ ಮರದ ಬುಡದಲ್ಲಿ ತನ್ನ ಕೆಲಸ ಮುಗಿಸಿ, ತಿರುಗಿ ಬಂದ. ಅವನ ಮುಖದಲ್ಲಿದ್ದ ಕಳೆಯನ್ನು ಕಂಡು ಪಿಸಿಲಾ ಅಡುಗೆ ಮೂಲೆಗೆ ಹೋಗಿ ಅತ್ತಳು.

"ಇವತ್ತೇ ಇದರ ಮೇಲೆ ಮಲಗು," ಎಂದಳು.

"ನಾಳೆ ಪಾದ್ರಿ ಬಂದು ಪ್ರಾರ್ಥನೆ ಮಾಡ್ಲಿ ತಡಿ. ಇಷ್ಟು ದಿನ ಕಾದಿದೀವಿ, ಒಂದು ರಾತ್ರಿಗೇನು?"

ಮಂಚ ಬರಲೆಂದು ಇಷ್ಟು ದಿನ ಮುಂದೂಡಿದ್ದ ಗೃಹಪ್ರವೇಶ ಮರುದಿನ. ಗುಂಡಿ ಒಲೆಯಲ್ಲಿ ಹಂದಿಮರಿ, ತೆಂಗಿನಹಾಲಿನಲ್ಲಿ ಬೆಂದ ಕೆಸುವಿನೆಲೆ. ಹಂದಿ ಮಕೆಲೆಸಿಯ ಕೊಡುಗೆ. ಅಂಗಳದಲ್ಲಿ ಗಂಡಸರು ಬೇರು ಕುಟ್ಟಿ ಕದಡಿದ ಕಾವಾ ಕುಡಿಯುತ್ತ ಕೂತಿದ್ದರು, ಅವರ ನಡುವೆ ಲಿಸಿಯಾಟೆ. ಇಗರ್ಜಿಯಿಂದ ತಂದ ಎರಡು ಕುರ್ಚಿಯಲ್ಲಿ ಪಾದ್ರಿ ಮತ್ತು ಪಾದ್ರಿಯ ಹೆಂಡತಿ ಕೂತರು. ಆಗ ಬಾಗಿಲಲ್ಲಿ ಲಿಸಿಯಾಟೆಯ ಅಕ್ಕ ಫೊಲೊಲಾ ಕಾಣಿಸಿದಳು.

ನಮ್ಮಲ್ಲಿ ಅಕ್ಕ ಅಂದರೆ ಅಕ್ಕ. ತಮ್ಮ ಊರಿಗೆ ದೊಡ್ಡವನಾದರೂ ಅವಳ ಮುಂದೆ ತಗ್ಗಲೇಬೇಕು. ಮನೆಯ ಶುಭಕಾರ್ಯದಲ್ಲಿ ಅವಳಿಗೆ ಎಲ್ಲರಿಗಿಂತ ಮೇಲಿನ ಜಾಗ, ಮನೆಯ ಅತ್ಯುತ್ತಮ ಚಾಪೆ. ಕಾರ್ಯ ಮುಗಿದ ಮೇಲೆ ಅವಳು ಕೂತದ್ದು ಅವಳಿಗೇ. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ, ಸುತ್ತಿ ಕೊಟ್ಟು ಕಳಿಸುತ್ತಾರೆ. ಇನ್ನೊಂದು, ಅಕ್ಕನ ಹಾಸಿಗೆಯ ಮೇಲೆ ತಮ್ಮ ಮಲಗುವಂತಿಲ್ಲ; ಹೆಣ ಬಿದ್ದರೂ ಇಲ್ಲ.

ಪಿಸಿಲಾಳ ಕಣ್ಣು ಮನೆಯೆಲ್ಲ ಹುಡುಕಿತು. ಒಳ್ಳೆಯ ಚಾಪೆ ಆಕ್ಲೆಂಡಿನಲ್ಲಿತ್ತು. ಉಳಿದದ್ದು ಲಿಸಿಯಾಟೆ ಮಲಗುತ್ತಿದ್ದ, ಎಷ್ಟು ತೊಳೆದರೂ ವಾಸನೆ ಬಿಡದ ಹಳೆಯ ಚಾಪೆ. ಅದರ ಮೇಲೆ ಫೊಲೊಲಾಳನ್ನು ಕೂರಿಸುವುದೇ? ಬಣ್ಣದ ಡಬ್ಬಿಯ ಮೇಲೆ? ಪಾದ್ರಿ ಕಾಯುತ್ತಿದ್ದರು. ಹೆಂಗಸರು ನೋಡುತ್ತಿದ್ದರು. ಹಿಂದಿನ ದಿನದಿಂದ ನಿದ್ದೆಯಿಲ್ಲದ, ಹೊಗೆಯಿಂದ ಉರಿಯುವ ಕಣ್ಣಿನ ಪಿಸಿಲಾ ಮಂಚ ತಟ್ಟಿದಳು.

"ಅತ್ತಿಗೆ, ಇಲ್ಲಿ ಬನ್ನಿ. ಇಲ್ಲಿ ಕೂತ್ಕೊಳ್ಳಿ."

ಫೊಲೊಲಾ ಅರವತ್ತರ ವಿಧವೆ, ಮಂಡಿ ನೋವಿನವಳು. ಕೂತ ಮೇಲೆ "ಅಬ್ಬ" ಎಂದಳು. ಆ ಸದ್ದು ಕೇಳಿದಾಗ ಪಿಸಿಲಾಳಿಗೆ ತಾನೇನು ಮಾಡಿದೆ ಎಂದು ಹೊಳೆಯಿತು. ಪಾದ್ರಿ ಆಗಲೇ ಕಣ್ಣು ಮುಚ್ಚಿ ದೇವರಿಗೆ ಈ ಮನೆಯ ಸಮೃದ್ಧಿಯ ಬಗ್ಗೆ ಹೇಳತೊಡಗಿದ್ದರು.

ಊಟವಾದ ಮೇಲೆ ಇಬ್ಬರು ಗಂಡಸರು ಲಿಸಿಯಾಟೆಯನ್ನು ಒಳಗೆ ಕರೆತಂದರು. ಅವನು ಬಾಗಿಲಲ್ಲೇ ನಿಂತು ನೋಡಿದ. ಅಕ್ಕ ಮಂಚದ ಮೇಲೆ ಕೂತಿದ್ದಳು. ಅವನು ತಲೆ ತಗ್ಗಿಸಿದ.

ಫೊಲೊಲಾಳಿಗೂ ಅರ್ಥವಾಗಿತ್ತು. ತಟ್ಟನೆ ಎದ್ದಳು. "ನಾನು ಸುಮ್ನೆ ಕಾಲು ನೋವು ಅಂತ ಒರಗಿದ್ದೆ ಅಷ್ಟೆ. ಇದು ನಿನ್ನದು ಕಣೋ. ಯಾರೂ ಏನೂ ಅನ್ಕೋಬೇಡಿ."

"ಅಕ್ಕ, ನೀನು ಕೂತಿದೀಯ," ಎಂದ ಲಿಸಿಯಾಟೆ. ದನಿ ಮೆತ್ತಗಿತ್ತು. "ಇನ್ನು ಅದು ನನ್ನದು ಹೇಗಾಗುತ್ತೆ? ಅಮ್ಮ ಹೋದಾಗ ನನ್ನ ಎತ್ತಿ ಬೆಳೆಸಿದೋಳು ನೀನು. ನನ್ನ ಮನೇಲಿ ನಿಂಗೆ ಕೊಡೋ ಅಂಥದ್ದು ಒಂದಾದ್ರೂ ಇತ್ತಲ್ಲ, ಅದೇ ನಂಗೆ ಸಂತೋಷ. ತಗೊಂಡು ಹೋಗು."

ಫೊಲೊಲಾ ಬೇಡವೆಂದರೆ ಇಡೀ ಊರಿನ ಮುಂದೆ ತಮ್ಮನ ಕೈಯನ್ನು ತಳ್ಳಿದ ಹಾಗೆ. ಅವಳು ಬೇಡವೆನ್ನಲಿಲ್ಲ. ಅವಳ ಇಬ್ಬರು ಗಂಡುಮಕ್ಕಳು ಮಂಚವನ್ನು ಹೆಗಲಿಗೇರಿಸಿಕೊಂಡು ಸಾಲಿನ ಕೊನೆಯ ಮನೆಗೆ ನಡೆದರು. ಹೆಂಗಸರು ಮೆಚ್ಚುಗೆಯಿಂದ ತಲೆದೂಗಿದರು. ಎಂಥ ತಮ್ಮ ಎಂದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪಿಸಿಲಾಳಿಗೆ ಯಾರನ್ನು ಬೈಯಬೇಕೆಂದೇ ತಿಳಿಯಲಿಲ್ಲ. ಗಂಡನನ್ನು ಬೈದಳು, ಮನಸ್ಸಿನೊಳಗೆ, ಮೂರು ದಿನ. ಫೊಲೊಲಾಳನ್ನು ಬೈದಳು. ಈ ಪದ್ಧತಿ ಮಾಡಿಟ್ಟವರ ವಂಶವನ್ನೇ ಬೈಯಲು ಹೊರಟವಳು ಅರ್ಧಕ್ಕೆ ನಿಲ್ಲಿಸಿದಳು. ಅವಳೂ ಒಬ್ಬನಿಗೆ ಅಕ್ಕನೇ. ಹತ್ತು ವರ್ಷದ ಹಿಂದೆ ತಮ್ಮನ ಮನೆಯಿಂದ ಹೊಲಿಗೆ ಯಂತ್ರ ತಂದಿದ್ದಳು. ತಮ್ಮ ನಗುನಗುತ್ತ ದೋಣಿಯವರೆಗೆ ಹೊತ್ತು ತಂದಿದ್ದ. ತಮ್ಮನ ಹೆಂಡತಿ ಎಲ್ಲಿ ನಿಂತಿದ್ದಳು, ಅವಳ ಮುಖ ಹೇಗಿತ್ತು ಎಂದು ಈಗ ಎಷ್ಟು ನೆನೆದರೂ ಪಿಸಿಲಾಳಿಗೆ ನೆನಪಾಗಲಿಲ್ಲ. ಅವಳು ಅತ್ತ ನೋಡಿಯೇ ಇರಲಿಲ್ಲ.

ಮತ್ತೆ ಬೆಳಿಗ್ಗೆ ಬಗ್ಗುವುದು, ಕುತ್ತಿಗೆಗೆ ಕೈ, ಹಲ್ಲು ಕಚ್ಚುವುದು. ಮಳೆಗಾಲ ಬಂತು. ಸಿಮೆಂಟಿನ ನೆಲ ಬೆವರತೊಡಗಿತು. ಹುಣ್ಣು ಅಗಲವಾಯಿತು, ಆಮೇಲೆ ಆಳವಾಯಿತು. ಲಿಸಿಯಾಟೆ ಹಾಸ್ಯ ಮಾಡುವುದನ್ನು ಬಿಟ್ಟ. ಒಂದು ದಿನ ನರ್ಸಮ್ಮ ಪಟ್ಟಿ ಬಿಚ್ಚಿ ನೋಡಿ, ಮತ್ತೆ ಕಟ್ಟಿ, ಸೀದಾ ಸಾಲಿನ ಕೊನೆಯ ಮನೆಗೆ ಹೋದಳು.

ಆ ಸಂಜೆಯೇ ಮಂಚ ತಿರುಗಿ ಬಂತು. ಅದೇ ಇಬ್ಬರು ಗಂಡುಮಕ್ಕಳ ಹೆಗಲ ಮೇಲೆ. ಫೊಲೊಲಾ ಹಿಂದೆ ಬಂದು ಹೊಸ್ತಿಲಾಚೆಯೇ ನಿಂತಳು. ಶುಭಕಾರ್ಯದ ದಿನ ಬಿಟ್ಟರೆ ಅಕ್ಕ ತಮ್ಮನ ಮಲಗುವ ಕೋಣೆಗೆ ಬರುವುದಿಲ್ಲ.

"ಪಿಸಿಲಾ, ಅವನಿಗೆ ಹೇಳು," ಎಂದಳು. ಅವಳ ಕಣ್ಣುಗಳು ಕೆಂಪಾಗಿದ್ದವು. "ನಾನು ಒಂದು ದಿನಾನೂ ಅದರ ಮೇಲೆ ಮಲಗಿಲ್ಲ. ಮೂಲೇಲಿ ಬಟ್ಟೆ ಹೊದಿಸಿ ಇಟ್ಟಿದ್ದೆ. ಬೈಬಲ್ ಮುಟ್ಟಿ ಹೇಳ್ತೀನಿ ಬೇಕಾದ್ರೆ."

ಪಿಸಿಲಾ ಒಳಗೆ ಬಂದು ಹೇಳಿದಳು. ಅವನಿಗೆ ಆಗಲೇ ಎಲ್ಲ ಕೇಳಿಸಿತ್ತು.

"ಅಕ್ಕ ಸುಳ್ಳು ಹೇಳೋಳಲ್ಲ."

"ಹಾಗಾದ್ರೆ ಏಳು. ನಾನು ಹಿಡ್ಕೋತೀನಿ."

"ಅವತ್ತು ಕೂತಿದ್ದಳಲ್ಲ ಪಿಸಿಲಾ."

"ಒಂದು ಗಂಟೆ ಕೂತಿದ್ರು. ಕೂರಿಸಿದ್ದು ನಾನು. ತಪ್ಪು ನಂದು. ನಿಂಗ್ಯಾಕೆ ಶಿಕ್ಷೆ?"

"ಶಿಕ್ಷೆ ಏನಲ್ಲ," ಎಂದ ಅವನು. "ಆಗಲ್ಲ, ಅಷ್ಟೆ."

ಅವಳು ಬೇಡಿಕೊಂಡಳು. ಯಾರಿಗೂ ಗೊತ್ತಾಗುವುದಿಲ್ಲ, ಬಾಗಿಲು ಹಾಕುತ್ತೇನೆ ಎಂದಳು. ನೀನು ಸತ್ತರೆ ನಿನ್ನ ಮರ್ಯಾದೆ ಕಟ್ಟಿಕೊಂಡು ನಾನೇನು ಮಾಡಲಿ ಎಂದೂ ಕೇಳಿದಳು. ಅವನು ಅವಳ ಒಡೆದ ಬೆರಳುಗಳನ್ನು ಹಿಡಿದುಕೊಂಡ. ಹೊರಗೆ ಫೊಲೊಲಾ ನಿಂತೇ ಇದ್ದಳು. ಕೊನೆಗೆ ಅವಳ ಹೆಜ್ಜೆಗಳು ನಿಧಾನವಾಗಿ ದೂರವಾದವು.

ಮಂಚ ಮಾತ್ರ ಅಲ್ಲೇ ಉಳಿಯಿತು. ಕೊಟ್ಟದ್ದನ್ನು ಮತ್ತೆ ಕಳಿಸಿದರೆ ಅದೂ ಅವಮಾನ. ಈಗ ಮನೆಯಲ್ಲಿ ಮಾತು ಮೊದಲಿನಷ್ಟು ತಿರುಗಿ ಬರುವುದಿಲ್ಲ. ಬಂದವರು ಮಂಚ ನೋಡಿ, ಮನೆ ಈಗ ಮನೆಯ ಹಾಗಾಯಿತು ಎನ್ನುತ್ತಾರೆ. ಲಿಸಿಯಾಟೆ ಅದರ ಪಕ್ಕದಲ್ಲೇ ನೆಲದ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿ, ಅವರಿಗೆ ಹೌದೆನ್ನುತ್ತಾನೆ.

ಮೊನ್ನೆ ಮಧ್ಯಾಹ್ನ ಅವನನ್ನು ಎತ್ತಿ ಕೂರಿಸಿ, ತೊಳೆದು, ಮತ್ತೆ ಮಲಗಿಸುವಷ್ಟರಲ್ಲಿ ಪಿಸಿಲಾಳ ಸೊಂಟ ಹಿಡಿದುಕೊಂಡಿತು. ನಿಲ್ಲಲೂ ಆಗದೆ ಬಗ್ಗಲೂ ಆಗದೆ ಸರಳು ಹಿಡಿದುಕೊಂಡಳು.

"ನೀನಾದ್ರೂ ಅದರ ಮೇಲೆ ಸ್ವಲ್ಪ ಮಲಗು," ಎಂದ ಅವನು. "ಸುಮ್ನೆ ನಿಂತಿರುತ್ತೆ ಪಾಪ."

ಅವಳು ಮಲಗಿದಳು. ಹಾಸಿಗೆ ಅವಳ ಬೆನ್ನಿಗೆ ಹೇಗೆ ಬೇಕೋ ಹಾಗೆ ತಗ್ಗಿ ಕೊಟ್ಟಿತು. ಕಿಟಕಿಯಿಂದ ಗಾಳಿ ಆ ಎತ್ತರಕ್ಕೆ ಸರಿಯಾಗಿ ಬರುತ್ತಿತ್ತು. ಅವಳ ಸೊಂಟದ ನೋವು ಒಂದೊಂದೇ ಗಂಟು ಬಿಚ್ಚಿದ ಹಾಗೆ ಇಳಿಯಿತು. ಎಷ್ಟೋ ವರ್ಷಗಳಲ್ಲಿ ಮೈಗೆ ಇಷ್ಟು ಹಿತವಾದದ್ದು ಅವಳಿಗೆ ನೆನಪಿರಲಿಲ್ಲ.

ಕೆಳಗಿನಿಂದ ಅವನು ಕೇಳಿದ: "ಹೇಗಿದೆ?"

"ಗಟ್ಟಿ," ಎಂದಳು ಪಿಸಿಲಾ. "ಬರೀ ಕಬ್ಬಿಣ. ಬೆನ್ನಿಗೆ ಒತ್ತುತ್ತೆ. ಚಾಪೇನೇ ವಾಸಿ."

ಮತ್ತೆ ಕೆಳಗಿಳಿದು ಅವನ ಪಕ್ಕದಲ್ಲಿ ಸಿಮೆಂಟಿನ ಮೇಲೆ ಮಲಗಿದಳು.