ದೊಡ್ಡಮ್ಮನ ದನಿಗೆ ಬಿಟ್ಟ ಜಾಗ

ನಮ್ಮ ದೊಡ್ಡಮ್ಮನ ಮುಖ ನೋಡಬೇಕೆನಿಸಿದರೆ ನನಗೆ ಈಗಲೂ ದಾರಿಯಿದೆ. ಹಾಸನದ ಬಸ್‌ಸ್ಟ್ಯಾಂಡಿನ ಬಳಿಯ ಅಂಗಡಿಯವರು ಹಳೆಯ ಕಪ್ಪುಬಿಳುಪು ಸಿನಿಮಾಗಳ ಸಿ.ಡಿ. ಮಾರಲು ಶುರುಮಾಡಿದಾಗ, ಅವಳಿರುವ ಮೂರನ್ನು ಹುಡುಕಿ ತಂದಿಟ್ಟುಕೊಂಡಿದ್ದೇನೆ. ಒಂದರಲ್ಲಿ ಅವಳು ನಾಯಕನ ತಂಗಿ, ಇನ್ನೊಂದರಲ್ಲಿ ನಾಯಕಿಯ ಗೆಳತಿ, ಮತ್ತೊಂದರಲ್ಲಿ ತಾಳಿ ಕಟ್ಟಿಸಿಕೊಂಡ ಹತ್ತು ನಿಮಿಷಕ್ಕೇ ಗಂಡನನ್ನು ಕಳೆದುಕೊಳ್ಳುವ ಸೊಸೆ. ಮುಖ ಬೇಕಾದಷ್ಟಿದೆ. ದನಿ ಇಲ್ಲ. ಮೂರರಲ್ಲೂ ಅವಳ ತುಟಿ ಆಡುತ್ತದೆ, ಮಾತು ಇನ್ಯಾರದೋ. ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು. ಅವಳ ದನಿಯನ್ನು ಒಂದು ಸಲ, ಒಂದೇ ಒಂದು ಸಲ ಕೇಳಬೇಕೆಂದು ಆಸೆಯಾಗುತ್ತದೆ. ಕೇಳದ ಹಾಗೆ ಮಾಡಿದವಳು ನಾನೇ ಆದ್ದರಿಂದ ಯಾರ ಮೇಲೂ ರೇಗುವಂತಿಲ್ಲ. ರೇಗುವುದು ಬಿಟ್ಟರೆ ನನಗೆ ಬೇರೆ ವಿದ್ಯೆ ಬರುವುದೂ ಇಲ್ಲ. ನಾನು ಹೈಸ್ಕೂಲು ಮೇಡಂ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಮದುವೆಯಾಗಲಿಲ್ಲ. ನಾನು ಹುಟ್ಟಿದ ವರ್ಷವೇ ಸಿನಿಮಾ ಬಿಟ್ಟು, ಒಂದು ಟ್ರಂಕು ಮತ್ತು ಆಳೆತ್ತರದ ಒಂದು ಕನ್ನಡಿಯೊಂದಿಗೆ ಹೊಳೆನರಸೀಪುರದ ನಮ್ಮ ಮನೆಗೆ ಬಂದು ಇಳಿದಳಂತೆ. ಆಮೇಲೆ ಎಲ್ಲಿಗೂ ಹೋಗಲಿಲ್ಲ. ನನ್ನನ್ನು ಎತ್ತಿ ಆಡಿಸಿದವಳು, ಜಡೆ ಹಾಕಿದವಳು, ಮಗ್ಗಿ ತಪ್ಪಿದರೆ ಕಿವಿ ಹಿಂಡಿದವಳು ಅವಳೇ.

ಸಿನಿಮಾಕ್ಕೆ ಮೊದಲು ಅವಳು ನಾಟಕ ಕಂಪನಿಯಲ್ಲಿದ್ದಳು. ಹದಿಮೂರನೆಯ ವಯಸ್ಸಿಗೇ ಸೇರಿದ್ದು. ಅರಕಲಗೂಡಿನಲ್ಲಿ ಕಂಪನಿ ಬಿಡಾರ ಹೂಡಿದ್ದಾಗ ಇವಳ ಮಾತು ಮೈಕಿಲ್ಲದೆ ಕೊನೆಯ ಸಾಲಿನಾಚೆ ನೆಲದ ಮೇಲೆ ಕೂತವರಿಗೂ ಕೇಳುತ್ತಿತ್ತಂತೆ. ನಾನು ಅರಕಲಗೂಡಿನ ಶಾಲೆಗೆ ಸೇರಿದ ಹೊಸತರಲ್ಲಿ, ನಾನು ಯಾರ ಮನೆಯವಳೆಂದು ತಿಳಿದ ಮುದುಕರೊಬ್ಬರು ದಾರಿಯಲ್ಲೇ ನಿಲ್ಲಿಸಿ, “ನಿಮ್ ದೊಡ್ಡವ್ವ ಸ್ಟೇಜ್ ಮ್ಯಾಲೆ ಬಾಯ್ಬುಟ್ರೆ ಈಚೆ ಬೀದೀಲಿ ದನ ನಿಂತ್ಕೊಳವು ಕಣವ್ವಾ” ಎಂದಿದ್ದರು. ಮನೆಗೆ ಬಂದು ಅವಳಿಗೆ ಹೇಳಿದೆ. ಎರಡು ದಿನ ಅವಳ ಮುಖದಲ್ಲಿ ಗೆಲುವಿತ್ತು.

ಅದೇ ಬಿಡಾರದಲ್ಲಿ ಅವಳ ಪಾತ್ರ ನೋಡಿದ ಯಾರೋ ಮದರಾಸಿಗೆ ಕರೆದೊಯ್ದರು. ಕ್ಯಾಮೆರಾದವನಿಗೆ ಅವಳ ಮುಖ ಒಪ್ಪಿಗೆಯಾಯಿತು. ಸೌಂಡಿನವನಿಗೆ ಅವಳ ನಾಲಿಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಕಡೆಯ ಮಾತು. ಹಾಲು ಎನ್ನುವಲ್ಲಿ ಆಲು, ಹೋಗು ಎನ್ನುವಲ್ಲಿ ಓಗು. ನಾಟಕದಲ್ಲಿ ಅದನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಸಿನಿಮಾದವರು ಅವಳ ಮಾತಿನ ಜಾಗಕ್ಕೆ ಬೇರೊಬ್ಬಾಕೆಯ ಮಾತು ಸೇರಿಸುವುದೆಂದು ತೀರ್ಮಾನಿಸಿದರು. ಆಗ ಸೆಟ್ಟಿನಲ್ಲೇ ಎಲ್ಲರ ಮಾತೂ ಮುದ್ರಣವಾಗುತ್ತಿತ್ತು. ಎದುರಿನ ನಟರ ಮಾತು ಶುದ್ಧವಾಗಿ ಸಿಗಬೇಕಾದರೆ ಇವಳ ದನಿ ಅದರಲ್ಲಿ ಬೆರೆಯಬಾರದು. ಆದ್ದರಿಂದ ಇವಳು ತುಟಿ ಮಾತ್ರ ಆಡಿಸಬೇಕು, ಉಸಿರೂ ಕೇಳಿಸಬಾರದು.

“ಅಳೋವಾಗ್ಲೂವೆ ಸದ್ದಿಲ್ದಂಗೆ ಅಳ್ಬೇಕಿತ್ತು ಕಣೆ. ಮೂಗು ಸೊರ್ ಅಂದ್ರೆ ಸಾಕು, ಕಟ್ ಅನ್ನೋರು” ಎಂದು ಹೇಳಿ ಅವಳು ನಗುತ್ತಿದ್ದಳು. ಹದಿನಾಲ್ಕು ಸಿನಿಮಾ ಹಾಗೆಯೇ ಮಾಡಿದಳು. ಮೊದಲನೆಯದು ನಮ್ಮೂರಿನ ಟಾಕೀಸಿಗೆ ಬಂದಾಗ ನನ್ನ ಅಜ್ಜಿ ಹೋಗಿ ನೋಡಿ ಬಂದು, “ಮೊಕ ನಮ್ಮುಡ್ಗೀದೇ, ಬಾಯಿ ಯಾರ್ದೋ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳಂತೆ. ಆ ಮಾತನ್ನು ಹೇಳುವಾಗ ಮಾತ್ರ ದೊಡ್ಡಮ್ಮ ನಗುತ್ತಿರಲಿಲ್ಲ. ತನ್ನ ತಾಯಿ ಒಂದು ಸಲವಾದರೂ ಪರದೆಯ ಮೇಲೆ ತನ್ನ ಮಾತು ಕೇಳಬೇಕಿತ್ತು ಎನ್ನುವುದು ಅವಳ ಕೊರಗು. ಅಜ್ಜಿ ಹೋದ ಮೇಲೂ ಆ ಆಸೆ ಹೋಗಲಿಲ್ಲ. “ಯಾರಾರಾ ಕೇಳ್ಲಿ ಬುಡು, ಒಂದ್ಸಲ” ಎನ್ನುತ್ತಿದ್ದಳು.

ತೊಂಬತ್ತರ ದಶಕದ ನಡುವೆ ಒಂದು ಚಳಿಗಾಲದಲ್ಲಿ ಆ ಸಲ ಬಂತು. ಬಾಗೂರಿನ ಕಡೆಯ ಒಬ್ಬ ತರುಣ ಟೀವಿ ಧಾರಾವಾಹಿ ತೆಗೆಯುತ್ತಿದ್ದವನು ನಮ್ಮ ಮನೆ ಹುಡುಕಿಕೊಂಡು ಬಂದ. ಅಜ್ಜಿಯ ಪಾತ್ರ, ಮೂರು ದಿನದ ಕೆಲಸ, ನುಗ್ಗೇಹಳ್ಳಿಯಲ್ಲಿ ಶೂಟಿಂಗು. ದೊಡ್ಡಮ್ಮ ಕಾಫಿ ಲೋಟ ಅವನ ಮುಂದಿಟ್ಟು ಮೊದಲು ಕೇಳಿದ್ದೇ ಅದು: “ಮಾತು ಯಾರು ಆಡ್ತಾರಪ್ಪ?”

“ನೀವೇ ಅಮ್ಮಾ. ನಿಮ್ಮ ಮಾತೇ ಬೇಕು ಅಂತ ಬಂದಿರೋದು. ನಮ್ಮ ಕಡೆ ಅಜ್ಜಿ ನಮ್ಮ ಕಡೆ ಥರಾನೇ ಮಾತಾಡ್ಬೇಕು.”

ಅವನು ಹೋದ ಮೇಲೆ ಅವಳು ಅದನ್ನು ಅಮ್ಮನಿಗೆ, ನನಗೆ, ಹಾಲಿನವಳಿಗೆ, ಎದುರು ಮನೆಯವರಿಗೆ ಹೇಳಿದಳು. ಯಾವ ನಾಲಿಗೆಯನ್ನು ಬೇಡವೆಂದಿದ್ದರೋ ಅದನ್ನೇ ಕೇಳಿಕೊಂಡು ಒಬ್ಬ ಮನೆ ಬಾಗಿಲಿಗೆ ಬಂದಿದ್ದ!

ಅಭ್ಯಾಸ ಶುರುವಾಯಿತು. ಕಥೆಯಲ್ಲಿ ಹಾಸ್ಟೆಲಿನಿಂದ ಮೊಮ್ಮಗಳು ಮನೆಗೆ ಬರುತ್ತಾಳೆ, ಅಜ್ಜಿ ಅವಳನ್ನು ಮಾತಾಡಿಸುತ್ತಾಳೆ, ಐದು ಪುಟ. ನಾನು ದಿನವೂ ಅರಕಲಗೂಡಿಗೆ ಬಸ್ಸಿನಲ್ಲಿ ಹೋಗಿಬರುವವಳು, ಎದುರು ಕೂತು ಮೊಮ್ಮಗಳ ಮಾತು ಹೇಳಲು ನನಗೆಲ್ಲಿ ಪುರಸೊತ್ತು? ಅದಕ್ಕೆ ಒಂದು ಭಾನುವಾರ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಮೊಮ್ಮಗಳ ಮಾತುಗಳನ್ನು ನಾನೇ ಓದಿ ಮುದ್ರಿಸಿದೆ. ಪ್ರತಿ ಮಾತಿನ ನಂತರ ದೊಡ್ಡಮ್ಮ ಉತ್ತರಿಸುವಷ್ಟು ಜಾಗ ಖಾಲಿ ಬಿಟ್ಟೆ. ಅವಳ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡು ಅಂದಾಜು ಹಿಡಿಯುತ್ತಿದ್ದೆ. ಅವಳು ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮಾರನೆಯ ದಿನದಿಂದ ಹಿತ್ತಲಿನಲ್ಲಿ ಕ್ಯಾಸೆಟ್ಟು ಹಾಕಿಕೊಂಡು ಆ ಖಾಲಿ ಜಾಗಗಳಲ್ಲಿ ತನ್ನ ಮಾತು ತುಂಬಿದಳು. ಪಾತ್ರೆ ತಿಕ್ಕುವಾಗ, ಬಟ್ಟೆ ಒಗೆಯುವಾಗ, ಎಲ್ಲಾ ಹೊತ್ತೂ ಅದೇ. “ಬಂದ್ಯಾ ಮಗಾ? ಒಳೀಕ್ ಬಾ, ಆಲು ಕಾಯ್ಸಿವ್ನಿ” ಎನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿಹೋಯಿತು.

ಶೂಟಿಂಗಿಗೆ ನಾನೂ ರಜೆ ಹಾಕಿ ಜೊತೆಗೆ ಹೋದೆ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸುವಾಗಲೂ ಅವಳ ತುಟಿ ಆಡುತ್ತಿತ್ತು. ನುಗ್ಗೇಹಳ್ಳಿಯಲ್ಲಿ ದಾರಿ ಪಕ್ಕದ ಒಂದು ಹೆಂಚಿನ ಮನೆ ಗೊತ್ತುಮಾಡಿದ್ದರು. ಜಗಲಿಯ ಮೇಲೆ ದೊಡ್ಡಮ್ಮ, ಅಂಗಳದಲ್ಲಿ ಮೊಮ್ಮಗಳು, ತಲೆಯ ಮೇಲೆ ಉದ್ದ ಕೋಲಿಗೆ ಕಟ್ಟಿದ ಮೈಕು. ಆಕ್ಷನ್ ಎಂದರು. ಹುಡುಗಿ “ಅಜ್ಜೀ, ನಾನು ಬಂದೆ” ಎಂದಳು. ದೊಡ್ಡಮ್ಮ ಎದ್ದಳು, ಕಣ್ಣರಳಿಸಿದಳು, ಕೈ ಚಾಚಿದಳು, ಚೆಂದವಾಗಿ ಮಾತಾಡಿದಳು. ಒಂದಿಷ್ಟೂ ಸದ್ದು ಬರಲಿಲ್ಲ.

ಸೌಂಡಿನವನು ಕಿವಿಯ ಹೆಡ್‌ಫೋನು ತೆಗೆದು ನೋಡಿದ. ವೈರು ಬಿಗಿ ಮಾಡಿದ. ಬ್ಯಾಟರಿ ಬದಲಿಸಿದ. ಮತ್ತೆ ಆಕ್ಷನ್, ಮತ್ತೆ ಅದೇ. ಮೂರನೆಯ ಸಲಕ್ಕೆ ನಿರ್ದೇಶಕ ಹತ್ತಿರ ಬಂದು, “ಅಮ್ಮಾ, ಮಾತು ಜೋರಾಗಿ ಹೇಳಿ” ಎಂದ.

“ಏಳಿದ್ನಲ್ಲಪ್ಪ!” ಎಂದಳು ದೊಡ್ಡಮ್ಮ, ಊರಿಗೆಲ್ಲಾ ಕೇಳುವ ಹಾಗೆ.

ಅವಳಿಗೆ ನಿಜಕ್ಕೂ ಗೊತ್ತಾಗಿರಲಿಲ್ಲ. ಕ್ಯಾಮೆರಾ ತನ್ನ ಕಡೆ ತಿರುಗಿತೆಂದರೆ ಗಂಟಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಹದಿನಾಲ್ಕು ಸಿನಿಮಾ ಕಲಿಸಿದ್ದು ಅಷ್ಟೆ. ಸುತ್ತ ನಿಂತವರು ನಕ್ಕರು. ನನಗೂ ನಗು ಬಂತು. ಅವಳು ಗಂಟಲ ಮೇಲೆ ಕೈಯಿಟ್ಟುಕೊಂಡು ಜಗಲಿಯ ಮೇಲೆ ಕೂತುಬಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಕರೆದಳು.

“ಆ ಉಣ್ಸೆ ಮರ ಐತಲ್ಲ, ಅಲ್ಲಿ ಓಗಿ ನಿಂತ್ಕೊ. ನೀನು ಕೊನೆ ಸಾಲು ಅಂದ್ಕೊತೀನಿ. ನನ್ ಮಾತು ಕೇಳಿಸ್ದ್ರೆ ಕೈ ಎತ್ತು.”

ನಾನು ದಾರಿ ದಾಟಿ ಹುಣಸೆ ಮರದ ಕೆಳಗೆ ನಿಂತೆ. ಹುಡುಗಿ ತನ್ನ ಮಾತು ಹೇಳಿದ್ದು ನನಗೆ ಕೇಳಿಸಲಿಲ್ಲ. ಆಮೇಲೆ ಬಂತು ನೋಡಿ, “ಬಂದ್ಯಾ ಮಗಾ?” ಕೂಗಾಟವಲ್ಲ, ಕರೆದ ಹಾಗೆ, ಆದರೆ ಒಂದೊಂದು ಅಕ್ಷರವೂ ನನ್ನ ತನಕ ಬಂತು. ನಾನು ಕೈ ಎತ್ತಿದೆ. ಇಡೀ ದೃಶ್ಯ ಮುಗಿಯುವವರೆಗೂ ಕೈ ಇಳಿಸಲಿಲ್ಲ. ಅಷ್ಟು ದೂರದಿಂದ ಅವಳ ದನಿ ಕೇಳಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ಮಾರ್ಚಿನಲ್ಲಿ ಶಾಲೆಗೆ ಫೋನು ಬಂತು. ಆಗ ನಮ್ಮ ಮನೆಯಲ್ಲಿ ಫೋನಿರಲಿಲ್ಲ, ಶಾಲೆಯ ನಂಬರೇ ಕೊಟ್ಟಿದ್ದೆ. ನಿರ್ದೇಶಕನ ಕಡೆಯವರು. ನುಗ್ಗೇಹಳ್ಳಿಯ ಮುದ್ರಣದಲ್ಲಿ ಬಸ್ಸುಗಳ ಸದ್ದು ಬಹಳ ಸೇರಿಕೊಂಡಿದೆ, ಅಮ್ಮನವರು ಗುರುವಾರ ಬೆಂಗಳೂರಿಗೆ ಬಂದು ಸ್ಟುಡಿಯೋದಲ್ಲಿ ಮತ್ತೊಮ್ಮೆ ಮಾತು ಹೇಳಬೇಕು ಎಂದರು. ನನಗೆ ಪರೀಕ್ಷೆ ಡ್ಯೂಟಿ. ದೊಡ್ಡಮ್ಮನಿಗೆ ಎರಡು ದಿನದಿಂದ ಜ್ವರ. ಹೆಡ್‌ಮಾಸ್ಟರು ಎದುರಿಗೇ ಗಡಿಯಾರ ನೋಡುತ್ತಿದ್ದರು. ಫೋನಿನವರು, “ಬರೋಕಾಗ್ದಿದ್ರೆ ನಾವೇ ಮ್ಯಾನೇಜ್ ಮಾಡ್ತೀವಿ ಮೇಡಂ” ಎಂದರು. ನಾನು “ಮಾಡ್ಕೊಳ್ಳಿ” ಎಂದುಬಿಟ್ಟೆ. ಮ್ಯಾನೇಜ್ ಎಂದರೆ ಬಸ್ಸಿನ ಸದ್ದು ತೆಗೆಯುತ್ತಾರೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು ಎನ್ನುವುದೂ ನಿಜ. ಜ್ವರದವಳಿಗೆ ಹೇಳಿದರೆ ಎದ್ದು ಹೊರಟೇಬಿಡುತ್ತಾಳೆಂದು ಮನೆಯಲ್ಲಿ ಬಾಯಿ ಬಿಡಲಿಲ್ಲ.

ಜೂನಿನಲ್ಲಿ ಒಂದು ಸಂಜೆ ಅದು ಪ್ರಸಾರವಾಯಿತು. ಎದುರು ಮನೆಯವರು, ಹಾಲಿನವಳು, ಅವಳ ಸೊಸೆ, ಎಲ್ಲರೂ ನಮ್ಮ ನಡುಮನೆಯಲ್ಲಿ ಸೇರಿದ್ದರು. ಅಮ್ಮ ಅಜ್ಜಿಯ ಫೋಟೋವನ್ನು ಗೋಡೆಯಿಂದ ಇಳಿಸಿ ಟೀವಿಗೆ ಎದುರಾಗಿ ಕುರ್ಚಿಯ ಮೇಲಿಟ್ಟಳು. ದೊಡ್ಡಮ್ಮ ಗಂಧದ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದಳು. ನುಗ್ಗೇಹಳ್ಳಿಯ ಜಗಲಿ ಕಾಣಿಸಿತು. ದೊಡ್ಡಮ್ಮ ಎದ್ದಳು, ಕೈ ಚಾಚಿದಳು.

“ಬಂದೆಯಾ ಮಗಳೇ? ಒಳಗೆ ಬಾ, ಹಾಲು ಕಾಯಿಸಿದ್ದೇನೆ.”

ನುಣುಪಾದ, ಪೇಟೆಯ, ಯಾರದೋ ದನಿ. ದೊಡ್ಡಮ್ಮನ ತುಟಿ ಮುಚ್ಚಿದ ಮೇಲೂ ಅರ್ಧ ಮಾತು ಉಳಿದುಕೊಂಡಿತ್ತು. ಅವಳು ನಿಧಾನವಾಗಿ ನನ್ನ ಕಡೆ ತಿರುಗಿದಳು, ಹುಣಸೆ ಮರದ ಕಡೆ ನೋಡಿದ ಹಾಗೆಯೇ. ನನ್ನ ಕೈ ಮಡಿಲಿನಲ್ಲೇ ಇತ್ತು. ಅವಳು ಮತ್ತೆ ಟೀವಿ ಕಡೆ ತಿರುಗಿ, “ಚೆನ್ನಾಗೇ ಏಳವ್ಳೆ. ಯಾರ್ ಮಗ್ಳೋ ಏನೋ” ಎಂದಳು. ಬಂದವರಿಗೆಲ್ಲಾ ತಾನೇ ಪಾಯಸ ಬಡಿಸಿದಳು.

ಮಾರನೆಯ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಬಾಗಿಲ ಹತ್ತಿರ ಬಂದು ಕೇಳಿದಳು. “ನನ್ ದನಿ ಅಷ್ಟೊಂದ್ ಕೆಟ್ಟೋಗಿತ್ತೇನೆ?”

“ಇಲ್ಲ ದೊಡ್ಡಮ್ಮ, ಬಸ್ಸಿನ ಸದ್ದು ಸೇರ್ಕೊಂಡಿತ್ತಂತೆ” ಎಂದೆ. ನಿಜವೇ. ಆದರೆ ಅರ್ಧ ನಿಜ. ಉಳಿದರ್ಧವನ್ನು ನುಂಗಿಕೊಂಡು ಬಸ್ಸು ಹತ್ತಿದೆ. ಅವಳು ನನ್ನ ಮಾತು ನಂಬಲಿಲ್ಲ. ಮುದಿ ದನಿ, ಹಳ್ಳಿ ದನಿ, ಇವರಿಗೂ ಬೇಡವಾಯಿತು ಎಂದೇ ತಿಳಿದಳು. ಆಮೇಲೆ ಎಂಟು ವರ್ಷ ಬದುಕಿದ್ದಳು. ಅಷ್ಟು ವರ್ಷವೂ ಹಾಗೇ ತಿಳಿದಿದ್ದಳು.

ಒಮ್ಮೆ ನಾನು ಹೊಸ ಕ್ಯಾಸೆಟ್ಟು ತಂದು ಅವಳ ಮುಂದೆ ಟೇಪ್‌ರೆಕಾರ್ಡರ್ ಇಟ್ಟೆ. ನಾಟಕದ ಮಾತೋ ಮನೆಯ ಮಾತೋ, ಏನಾದರೂ ಹೇಳು, ಇರಲಿ ಎಂದೆ. ಅವಳು ಗುಂಡಿ ಒತ್ತಿ ನಿಲ್ಲಿಸಿದಳು. “ಬ್ಯಾಡ ಕಣೆ. ಕೇಳ್ಕೊಂಡ್ ಬಂದವ್ರೇ ಬ್ಯಾಡ ಅಂದ ದನಿ, ನಿಂಗ್ಯಾಕೆ?” ಎಂದಳು. ಹೇಳಬೇಕಾಗಿದ್ದದ್ದು ಆಗ. ಅವರು ಕರೆದಿದ್ದರು, ನಾನೇ ಕಳಿಸಲಿಲ್ಲ ಎಂದು ಒಂದು ವಾಕ್ಯ. ತರಗತಿಯಲ್ಲಿ ಅರವತ್ತು ಮಕ್ಕಳ ಮುಂದೆ ಗಂಟಲು ಹರಿಯುವಂತೆ ಮಾತಾಡುವ ನನಗೆ ಆ ಒಂದು ವಾಕ್ಯ ಬರಲಿಲ್ಲ. ಬೈದಿದ್ದರೆ ಬೈದಿರುತ್ತಿದ್ದಳು. ಈಗ ಆ ಬೈಗುಳವಾದರೂ ಕಿವಿಯಲ್ಲಿರುತ್ತಿತ್ತು.

ಹೋದ ತಿಂಗಳು ನನ್ನ ಮಗಳು ಅಟ್ಟದ ಮೇಲಿನಿಂದ ಹಳೆಯ ಟೇಪ್‌ರೆಕಾರ್ಡರ್ ಇಳಿಸಿದಳು. ಅದರೊಳಗೆ ಒಂದು ಕ್ಯಾಸೆಟ್ಟು ಹಾಗೆಯೇ ಇತ್ತು. ಪ್ಲಗ್ಗು ಹಾಕಿ ಒತ್ತಿದಳು. ಮೊದಲು ಬಂದದ್ದು ನನ್ನದೇ ಎಳೆಯ, ಸಿಡುಕು ದನಿ. “ದೊಡ್ಡಮ್ಮಾ, ಮಾತಾಡ್ಬೇಡ. ರೆಕಾರ್ಡ್ ಆಗ್ತಿದೆ. ನಾನ್ ಹೇಳೋವರ್ಗೂ ಸುಮ್ನಿರು.” ಆಮೇಲೆ, “ಅಜ್ಜೀ, ನಾನು ಬಂದೆ.” ಆಮೇಲೆ ನಾನು ಬಿಟ್ಟ ಜಾಗ.

ಮಗಳು, “ಇಲ್ಲಿ ಅಜ್ಜಿ ಮಾತು ಬರ್ಬೇಕಲ್ವಾ? ನಿಂಗೆ ಬರುತ್ತಲ್ಲಮ್ಮ, ನೀನೇ ಹೇಳು” ಎಂದಳು. ಐದು ಪುಟವೂ ನನಗೆ ಬಾಯಿಪಾಠ. ಬಾಯಿ ತೆರೆದೆ, ಮುಚ್ಚಿಕೊಂಡೆ. ದೊಡ್ಡಮ್ಮನ ಜಾಗದಲ್ಲಿ ಮಾತಾಡಿದವರು ಈಗಾಗಲೇ ಬೇಕಾದಷ್ಟು ಜನ ಆಗಿದ್ದಾರೆ.

ಟೇಪಿನ ಹತ್ತಿರ ಕಿವಿಯಿಟ್ಟೆ. ನನ್ನ ಒಂದೊಂದು ಮಾತಿನ ನಂತರವೂ ಅವರೆಕಾಳು ತಟ್ಟೆಗೆ ಬೀಳುವ ಸದ್ದು ಸಣ್ಣಗೆ ಕೇಳುತ್ತದೆ. ಪಕ್ಕದಲ್ಲೇ ಕೂತಿದ್ದಾಳೆ. ನಾನು ಸುಮ್ಮನಿರು ಎಂದಿದ್ದೆ, ಸುಮ್ಮನಿದ್ದಾಳೆ.